ಆರಕ್ಷಕರೋ, ಪೇದೆಗಳೋ? ಪೊಲೀಸ್ ವ್ಯವಸ್ಥೆ ಬೆಳೆದು ಬಂದ ದಾರಿ

ಹಲವು ಠಾಣೆಗಳ ಬೋರ್ಡ್ ನೋಡಿ, 'ಆರಕ್ಷಕ ಠಾಣೆ' ಅಂತ ಬರೆದಿರುತ್ತೆ. ಆರಕ್ಷಕ ಅಂದ್ರೆ ಕಾಪಾಡುವವನು. ಅದೇ ಠಾಣೆಯ ಕಾನ್‌ಸ್ಟೇಬಲ್‌ನನ್ನು ನಮ್ಮ ಪತ್ರಿಕೆಗಳು ಬಹಳ ಕಾಲ ಕರೆದದ್ದು 'ಪೊಲೀಸ್ ಪೇದೆ' ಅಂತ. ಪೇದೆ ಅಂದ್ರೆ ಕಾಲಾಳು, ಹೇಳಿದ ಕಡೆಗೆ ನಡೆಯುವ ಸೈನಿಕ. ಒಂದೇ ಇಲಾಖೆಗೆ ಈ ಎರಡು ಪದ ಹೇಗೆ ಬಂದವು? ಇದು ಬರೀ ಭಾಷೆಯ ಪ್ರಶ್ನೆ ಅಲ್ಲ. ಆಧುನಿಕ ಪೊಲೀಸ್ ವ್ಯವಸ್ಥೆ ಹುಟ್ಟಿದ್ದೇ ಎರಡು ಬೇರೆ ಬೇರೆ ಡಿಸೈನ್‌ಗಳಲ್ಲಿ.

ಮೊದಲ ಡಿಸೈನ್: ಲಂಡನ್, 1829

ಕೈಗಾರಿಕೆ ಬೆಳೆದಂತೆ ಲಂಡನ್ ನಗರ ಕಾವಲುಗಾರರ ಕೈಮೀರಿ ಹೋಗಿತ್ತು. ಗೃಹ ಕಾರ್ಯದರ್ಶಿ ರಾಬರ್ಟ್ ಪೀಲ್ 1829ರಲ್ಲಿ ಸಂಸತ್ತಿನಲ್ಲಿ ಕಾಯ್ದೆ ತಂದು ಮೆಟ್ರೊಪಾಲಿಟನ್ ಪೊಲೀಸ್ ಕಟ್ಟಿದರು. ಜನರಿಗೆ ಇದು ಇಷ್ಟ ಇರಲಿಲ್ಲ. ಸರ್ಕಾರ ನಮ್ಮ ಮೇಲೆ ಸೈನ್ಯ ಬಿಡ್ತಿದೆ, ಗೂಢಚಾರರನ್ನು ಬಿಡ್ತಿದೆ ಅನ್ನೋ ಅನುಮಾನ. ಹಾಗಾಗಿ ಪ್ರತಿ ವಿವರದಲ್ಲೂ ಎಚ್ಚರ ವಹಿಸಿದರು. ಸೈನಿಕರದ್ದು ಕೆಂಪು ಕೋಟು, ಪೊಲೀಸರಿಗೆ ನೀಲಿ. ಕೈಗೆ ಬಂದೂಕಿನ ಬದಲು ಮರದ ದೊಣ್ಣೆ. ಕಾಲರ್ ಮೇಲೆ ನಂಬರ್, ತಪ್ಪು ಮಾಡಿದರೆ ಯಾರೂ ಗುರುತು ಹಿಡಿಯಬಹುದು. ಒಬ್ಬೊಬ್ಬರಿಗೆ ಒಂದೊಂದು ಬೀಟ್, ಅಂದ್ರೆ ದಿನವೂ ನಡೆದು ಕಾಯಬೇಕಾದ ಬೀದಿಗಳು. ರಾಬರ್ಟ್ ಹೆಸರಿನಿಂದಲೇ ಅಲ್ಲಿನ ಪೊಲೀಸರಿಗೆ 'ಬಾಬಿ' ಅನ್ನೋ ಅಡ್ಡಹೆಸರು ಬಂತು.

ಎರಡನೇ ಡಿಸೈನ್: ಐರ್ಲೆಂಡ್

ಅದೇ ಬ್ರಿಟಿಷರು ಐರ್ಲೆಂಡಿನಲ್ಲಿ ಬೇರೆಯದನ್ನೇ ಕಟ್ಟಿದರು. ಅಲ್ಲಿ ಆಳಬೇಕಾದ ಜನ ತಿರುಗಿಬೀಳುವವರು. 1836ರಲ್ಲಿ ರೂಪುಗೊಂಡ ಐರಿಷ್ ಕಾನ್‌ಸ್ಟಾಬ್ಯುಲರಿಯ ಕೈಯಲ್ಲಿ ಬಂದೂಕು ಇತ್ತು, ವಾಸ ಬ್ಯಾರಕ್‌ಗಳಲ್ಲಿ. ಸ್ವಂತ ಊರಿನ ಕಡೆ ಪೋಸ್ಟಿಂಗ್ ಇಲ್ಲ, ಜನರ ಜೊತೆ ಬೆರೆಯಬಾರದು ಅಂತ. ಅಧಿಕಾರವೆಲ್ಲ ಮೇಲಿನಿಂದ ಕೆಳಕ್ಕೆ.

ಭಾರತಕ್ಕೆ ಬಂದದ್ದು ಯಾವುದು?

ನಮ್ಮ ಹಳ್ಳಿಗಳಲ್ಲಿ ಮೊದಲಿಂದಲೂ ತಳವಾರ, ತೋಟಿ ಇದ್ದರು. ಊರು ಕಾಯೋದು ಅವರ ಕೆಲಸ, ಅದಕ್ಕೆ ಇನಾಮು ಭೂಮಿಯೋ ಬೆಳೆಯಲ್ಲಿ ಪಾಲೋ ಸಿಗುತ್ತಿತ್ತು. ಬಂಗಾಳದಲ್ಲಿ ಕಾರ್ನ್‌ವಾಲಿಸ್ 1790ರ ದಶಕದ ಆರಂಭದಲ್ಲಿ ಜಮೀನ್ದಾರರಿಂದ ಪೊಲೀಸ್ ಅಧಿಕಾರ ಕಿತ್ತುಕೊಂಡು, ಠಾಣೆಗೊಬ್ಬ ದರೋಗನನ್ನು ನೇಮಿಸಿದ. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಐರಿಷ್ ಮಾದರಿಯ ಪೊಲೀಸ್ ಪಡೆ ಕಟ್ಟಿದ.

1857ರ ದಂಗೆ ಎಲ್ಲವನ್ನೂ ಬದಲಿಸಿತು. 1860ರಲ್ಲಿ ಪೊಲೀಸ್ ಆಯೋಗ ಕೂತಿತು, 1861ರಲ್ಲಿ ಪೊಲೀಸ್ ಕಾಯ್ದೆ ಬಂತು. ಅದರ ರಿಕ್ವೈರ್ಮೆಂಟ್ ಏನು ಅಂತ ಊಹಿಸೋದು ಕಷ್ಟ ಅಲ್ಲ: ಇನ್ನೊಂದು 1857 ಆಗಬಾರದು. ಆದ್ದರಿಂದ ಕಡಿಮೆ ಸಂಬಳದ, ಆಜ್ಞೆ ಪಾಲಿಸುವ ದೊಡ್ಡ ಕಾನ್‌ಸ್ಟೇಬಲ್ ಪಡೆ, ಮೇಲೆ ಕೆಲವೇ ಅಧಿಕಾರಿಗಳು, ಅವರ ಮೇಲೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಎಲ್ಲರ ಮೇಲೆ ಸರ್ಕಾರ. ಬೋರ್ಡಿನಲ್ಲಿ ಇರೋದು ಲಂಡನ್ನಿನ ಆರಕ್ಷಕ, ಒಳಗೆ ಇರೋದು ಐರ್ಲೆಂಡಿನ ಪೇದೆ.

ಈಗಿನ ರಚನೆ

ಸಂವಿಧಾನದ ಪ್ರಕಾರ ಪೊಲೀಸ್ ರಾಜ್ಯಪಟ್ಟಿಯ ವಿಷಯ. ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಇಲಾಖೆಯ ತುದಿಯಲ್ಲಿ ಡಿಜಿ ಮತ್ತು ಐಜಿಪಿ. ಕೆಲವು ಜಿಲ್ಲೆಗಳು ಸೇರಿ ಒಂದು ವಲಯ, ಅದಕ್ಕೊಬ್ಬ ಐಜಿಪಿ. ಜಿಲ್ಲೆಗೆ ಎಸ್‌ಪಿ, ಉಪವಿಭಾಗಕ್ಕೆ ಡಿವೈಎಸ್‌ಪಿ, ಆಮೇಲೆ ಇನ್‌ಸ್ಪೆಕ್ಟರ್, ಪಿಎಸ್‌ಐ, ಎಎಸ್‌ಐ, ಹೆಡ್ ಕಾನ್‌ಸ್ಟೇಬಲ್, ಕಾನ್‌ಸ್ಟೇಬಲ್. ಬೆಂಗಳೂರು, ಮೈಸೂರಿನಂಥ ನಗರಗಳಲ್ಲಿ ಎಸ್‌ಪಿ ಬದಲು ಕಮಿಷನರ್. ಜಿಲ್ಲೆಯಲ್ಲಿ ಡಿಸಿ ಕೈಯಲ್ಲಿರುವ ಮ್ಯಾಜಿಸ್ಟ್ರೇಟ್ ಅಧಿಕಾರಗಳಲ್ಲಿ ಕೆಲವು ಇಲ್ಲಿ ಕಮಿಷನರ್‌ಗೇ ಇರುತ್ತವೆ. ಭುಜ ನೋಡಿ ಗುರುತಿಸೋದು ಸುಲಭ: ಎಎಸ್‌ಐಗೆ ಒಂದು ನಕ್ಷತ್ರ, ಪಿಎಸ್‌ಐಗೆ ಎರಡು, ಇನ್‌ಸ್ಪೆಕ್ಟರ್‌ಗೆ ಮೂರು. ಡಿವೈಎಸ್‌ಪಿಗೂ ಮೂರೇ, ಆದರೆ ಕೆಂಪು-ನೀಲಿ ಪಟ್ಟಿ ಇರಲ್ಲ.

ಇಲ್ಲೊಂದು ವಿಷಯ ಗಮನಿಸಿ. ಠಾಣಾಧಿಕಾರಿ ಇಲ್ಲದಾಗ ಠಾಣೆಯ ಹೊಣೆ ಯಾರದ್ದು? ಹಾಜರಿರುವವರಲ್ಲಿ ಅವರ ನಂತರದ ಅಧಿಕಾರಿಯದ್ದು, ಆದರೆ ಆತ ಕಾನ್‌ಸ್ಟೇಬಲ್‌ಗಿಂತ ಮೇಲಿನ ದರ್ಜೆಯವನಾಗಿರಬೇಕು ಅನ್ನುತ್ತೆ ಕಾನೂನು. ಅಂದ್ರೆ ನಾವು ಬೀದಿಯಲ್ಲಿ ದಿನವೂ ನೋಡುವ, ಸಂಖ್ಯೆಯಲ್ಲಿ ಅತಿ ಹೆಚ್ಚಿರುವ ಪೊಲೀಸರಿಗೇ ತೀರ್ಮಾನ ಮಾಡುವ ಅಧಿಕಾರ ಅತಿ ಕಡಿಮೆ. ಬಿಸಿಲಲ್ಲಿ ನಿಲ್ಲೋರು ಅವರು, ಬಂದೋಬಸ್ತಿಗೆ ಹೋಗೋರು ಅವರು, ಜನರ ಬೈಗುಳ ತಿನ್ನೋರೂ ಅವರೇ. 2016ರ ಜೂನ್‌ನಲ್ಲಿ ಸಂಬಳ, ರಜೆ, ಕಿರುಕುಳದ ವಿಷಯಕ್ಕೆ ನಮ್ಮ ರಾಜ್ಯದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆಯ ಮಾತೆತ್ತಿದ್ದು ಸುಮ್ಮನೆ ಅಲ್ಲ.

ಬದಲಾವಣೆ ಆಗ್ತಿದೆಯಾ?

ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು: ಡಿಜಿಪಿಗೆ ಕನಿಷ್ಠ 2 ವರ್ಷದ ಅವಧಿ, ವರ್ಗಾವಣೆ ನೋಡಿಕೊಳ್ಳಲು ಮಂಡಳಿ, ತನಿಖೆ ಮತ್ತು ಬಂದೋಬಸ್ತಿನ ಕೆಲಸ ಬೇರೆ ಬೇರೆ, ಪೊಲೀಸರ ಮೇಲಿನ ದೂರು ಕೇಳಲು ಪ್ರಾಧಿಕಾರ. ಕರ್ನಾಟಕ 2012ರಲ್ಲಿ ತನ್ನ ಕಾಯ್ದೆಗೆ ತಿದ್ದುಪಡಿ ತಂದಿತು. 2025ರಲ್ಲಿ ಕಾನ್‌ಸ್ಟೇಬಲ್‌ಗಳ ತಲೆ ಮೇಲಿದ್ದ ಹಳೆಯ ಸ್ಲೌಚ್ ಹ್ಯಾಟ್ ಹೋಗಿ ಪೀಕ್ ಕ್ಯಾಪ್ ಬಂತು. ಟೋಪಿ ಬದಲಾದದ್ದು ಒಳ್ಳೆಯದೇ. ಟೋಪಿಯ ಕೆಳಗಿರುವ ಮನುಷ್ಯನಿಗೆ ತರಬೇತಿ, ರಜೆ, ಒಂದಷ್ಟು ನಂಬಿಕೆಯೂ ಸಿಗಬೇಕು.

ನಮಗೆ ಗೊತ್ತಿರಬೇಕಾದ್ದು

ಮೊಬೈಲ್ ಕಳವಾಯ್ತು, ಇಂಟರ್ನ್‌ಶಿಪ್ ಹೆಸರಲ್ಲಿ ಯಾರೋ ದುಡ್ಡು ಹೊಡೆದರು ಅಂತಿಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ನೆನಪಿಡಿ.

- ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. "ಇದು ನಮ್ಮ ಲಿಮಿಟ್ಸ್ ಅಲ್ಲ" ಅಂತ ವಾಪಸ್ ಕಳಿಸುವಂತಿಲ್ಲ. ಇದನ್ನೇ ಝೀರೋ ಎಫ್‌ಐಆರ್ ಅನ್ನೋದು.
- ಎಲೆಕ್ಟ್ರಾನಿಕ್ ರೂಪದಲ್ಲೂ ದೂರು ಕಳಿಸಬಹುದು, ಆದರೆ 3 ದಿನದೊಳಗೆ ಸಹಿ ಹಾಕಬೇಕು.
- ದಾಖಲಾದ ಮಾಹಿತಿಯ ಪ್ರತಿ ಉಚಿತ. ಕೇಳಿ ತಗೊಳ್ಳಿ.
- ಠಾಣೆಯಲ್ಲಿ ತಗೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಬರೆದು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು.

ಹಳೆಯ ಸಿಸ್ಟಮ್ ಒಂದೇ ದಿನದಲ್ಲಿ ಬದಲಾಗಲ್ಲ, ಇದು ನಮಗೆ ಗೊತ್ತಿರೋದೇ. ಆದರೆ ಬಳಸುವವರು ತಮ್ಮ ಹಕ್ಕು ಕೇಳದೆ ಹೋದರೆ ಅದು ಯಾವತ್ತೂ ಬದಲಾಗಲ್ಲ. ಮುಂದಿನ ಸಲ ಠಾಣೆಗೆ ಹೋಗಬೇಕಾಗಿ ಬಂದರೆ ಹೆದರಬೇಡಿ, ದರ್ಪವೂ ಬೇಡ. ಎದುರಿಗಿರುವವರನ್ನು ಆರಕ್ಷಕರು ಅಂತಲೇ ನಂಬಿ ಮಾತಾಡಿ, ಕಾನೂನು ಕೊಟ್ಟಿರೋದನ್ನು ಕೇಳಿ ಪಡೆಯಿರಿ.