ಬೂದಿಹೊಂಡ ಮತ್ತು ನದಿ: ಕಿಂಗ್‌ಸ್ಟನ್ ಪ್ರಕರಣ

2008ರ ಡಿಸೆಂಬರ್ 22ರಂದು ಅಮೆರಿಕದ ಟೆನೆಸ್ಸಿ ರಾಜ್ಯದ ಕಿಂಗ್‌ಸ್ಟನ್ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಬೂದಿಹೊಂಡದ ಏರಿ ಒಡೆದು, ಸುಮಾರು 41 ಲಕ್ಷ ಘನ ಮೀಟರ್ ಬೂದಿರಾಡಿ ಎಮರಿ ನದಿಗೂ ಸುತ್ತಲಿನ ಜಮೀನಿಗೂ ನುಗ್ಗಿತು. ಇದನ್ನು ಬರೀ ಅವಘಡವೆಂದು ಓದಿಕೊಂಡರೆ ಸಾಲದು. ಬೂದಿಯನ್ನು ನೀರಲ್ಲಿ ಕಲಸಿ ನದಿದಡದಲ್ಲೇ ದಶಕಗಟ್ಟಲೆ ಕೂಡಿಹಾಕುವ ಪದ್ಧತಿಯೇ ಮೂಲದೋಷ. ಕಲ್ಲಿದ್ದಲಿನಲ್ಲಿ ಅತ್ಯಲ್ಪವಾಗಿರುವ ಆರ್ಸೆನಿಕ್, ಸೆಲೆನಿಯಂನಂಥ ಧಾತುಗಳು ಇಂಗಾಲ ಉರಿದುಹೋದ ಮೇಲೆ ಬೂದಿಯಲ್ಲಿ ಸಾಂದ್ರವಾಗುತ್ತವೆ. ಏರಿ ಒಡೆಯದಿದ್ದರೂ, ತಳಕ್ಕೆ ಹೊದಿಕೆಯಿಲ್ಲದ ಹೊಂಡದಿಂದ ಅವು ಅಂತರ್ಜಲಕ್ಕೆ ಜಿನುಗಬಲ್ಲವು.

ಇದೇ ಬೂದಿಯನ್ನು ಸಿಮೆಂಟಿಗೂ ಬಳಸುತ್ತಾರಲ್ಲ, ಅಪಾಯವೇನು ಎಂಬ ಆಕ್ಷೇಪ ಉಂಟು. ಗಟ್ಟಿಯಾದ ಕಾಂಕ್ರೀಟಿನಲ್ಲಿ ಈ ಧಾತುಗಳು ಬಹುಮಟ್ಟಿಗೆ ಬಂಧಿ, ರಾಡಿಯಲ್ಲಿ ಹಾಗಲ್ಲ. ಒಣಬೂದಿ ವಿಲೇವಾರಿ ದುಬಾರಿ ಎನ್ನುವವರು, ಕಿಂಗ್‌ಸ್ಟನ್‌ನ ಶುಚೀಕರಣಕ್ಕೆ 100 ಕೋಟಿ ಡಾಲರಿಗೂ ಹೆಚ್ಚು ತಗುಲಿದ್ದನ್ನು ಲೆಕ್ಕಕ್ಕೆ ಹಿಡಿಯಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ಹೊಂಡಗಳಿಗೆ ರಾಷ್ಟ್ರಮಟ್ಟದ ನಿಯಮ ತಂದದ್ದು 2015ರಲ್ಲಷ್ಟೇ.