ರನ್‌ವೇಯ ಮೇಲಿನ ಪಂದ್ಯ

ಯಂತ್ರವನ್ನು ಕಂಡೊಡನೆ ಬಿಚ್ಚಿ ನೋಡಬೇಕೆಂಬ ಹಂಬಲ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇಂತಹ ಅನೇಕ ತರುಣರು ಹಳೆಯ ಕಾರುಗಳ ಎಂಜಿನುಗಳನ್ನು ಬಲಪಡಿಸಿ, ಊರಬೀದಿಗಳಲ್ಲಿಯೇ ಪಂದ್ಯ ಹೂಡುತ್ತಿದ್ದರು. ಪೊಲೀಸರು ದಂಡ ವಿಧಿಸಿದರೂ ಅದು ನಿಲ್ಲಲಿಲ್ಲ. ಪಂದ್ಯದ ಗೊಡವೆಯೇ ಇಲ್ಲದ ದಾರಿಹೋಕರ ಪ್ರಾಣಕ್ಕೂ ಸಂಚಕಾರ ಒದಗುತ್ತಿತ್ತು.

ಇದಕ್ಕೆ ಪರಿಹಾರ ದೊರೆತುದು ವಿಮಾನನಿಲ್ದಾಣದಲ್ಲಿ. 1950ರಲ್ಲಿ ಸಿ. ಜೆ. ಹಾರ್ಟ್ ಎಂಬವರು ಸಂಗಡಿಗರೊಡನೆ ಸಾಂಟಾ ಆನಾ ನಗರದ ಬಳಿಯ ನಿಲ್ದಾಣದಲ್ಲಿ ಬಳಕೆಯಿಲ್ಲದ ರನ್‌ವೇಯೊಂದನ್ನು ಪಡೆದು, ಭಾನುವಾರಗಳಂದು ‘ಡ್ರ್ಯಾಗ್ ರೇಸ್’ ಏರ್ಪಡಿಸಿದರು. ಎರಡು ಕಾರುಗಳು ನಿಂತಲ್ಲಿಂದ ಒಮ್ಮೆಗೇ ಹೊರಟು ಕಾಲು ಮೈಲಿ, ಎಂದರೆ ಸುಮಾರು 402 ಮೀಟರು, ನೇರವಾಗಿ ಓಡುವುದೇ ಈ ಪಂದ್ಯ. ತಿರುವಿಲ್ಲ, ಏರಿಳಿತವಿಲ್ಲ, ಇದಕ್ಕೆ ರನ್‌ವೇಗಿಂತ ತಕ್ಕ ನೆಲ ಇನ್ನೆಲ್ಲಿ ದೊರೆತೀತು? ಸ್ವಂತದ ಪುಟ್ಟ ವಿಮಾನಗಳುಳ್ಳ ಹವ್ಯಾಸಿಗಳೂ ಅದೇ ನಿಲ್ದಾಣದಿಂದ ಹಾರುತ್ತಿದ್ದರು.

ಈ ಎರಡು ಹವ್ಯಾಸಗಳ ನಂಟು ನೆಲದ ಮಟ್ಟಿಗೆ ಮಾತ್ರವಲ್ಲ. 1946ರಲ್ಲಿಯೇ ಬಿಲ್ ಬರ್ಕ್ ಎಂಬವರು ಯುದ್ಧವಿಮಾನದ ರೆಕ್ಕೆಯಡಿ ತೂಗುವ ಇಂಧನದ ತೊಟ್ಟಿಯೊಂದಕ್ಕೆ ಎಂಜಿನನ್ನೂ ಗಾಲಿಗಳನ್ನೂ ಜೋಡಿಸಿ ಓಟದ ಕಾರನ್ನು ನಿರ್ಮಿಸಿದ್ದರು! ಗಾಳಿಯನ್ನು ಸೀಳಲೆಂದು ರೂಪಿಸಿದ ಆಕಾರವು ನೆಲದ ಮೇಲೂ ಫಲ ನೀಡಿತು. ಇಳಿದ ವಿಮಾನದ ಓಟವನ್ನು ತಗ್ಗಿಸುವ ಪ್ಯಾರಾಚೂಟು ಮುಂದೆ ಡ್ರ್ಯಾಗ್ ಕಾರಿನ ಹಿಂಬದಿಗೂ ಬಂದಿತು. ಅತ್ತ ವಿಸ್ಕಾನ್ಸಿನ್ ರಾಜ್ಯದಲ್ಲಿ, ಸ್ವಹಸ್ತದಿಂದ ವಿಮಾನ ಕಟ್ಟುವವರ ಸಂಘವನ್ನು ಪಾಲ್ ಪೊಬೆರೆಜ್ನಿಯವರು 1953ರಲ್ಲಿ ಸ್ಥಾಪಿಸಿದರು.

ವಿಮಾನಸಂಚಾರ ಹೆಚ್ಚಿದಂತೆ, 1959ರಲ್ಲಿ ಸಾಂಟಾ ಆನಾದ ಪಂದ್ಯ ನಿಂತಿತು. ಅಷ್ಟರಲ್ಲಿ ವಾಲಿ ಪಾರ್ಕ್ಸ್ ಅವರು 1951ರಲ್ಲಿ ಸ್ಥಾಪಿಸಿದ ಡ್ರ್ಯಾಗ್ ರೇಸಿನ ಸಂಘವು ಸುರಕ್ಷತೆಯ ನಿಯಮಗಳನ್ನು ರೂಢಿಗೆ ತಂದಿತ್ತು. 2008ರಲ್ಲಿ ಸ್ಪರ್ಧಿಯೊಬ್ಬರು ಮಡಿದಾಗ, ಅತಿವೇಗದ ಕಾರುಗಳ ಓಟವನ್ನು ಅದೇ ಸಂಘವು ಸುಮಾರು 305 ಮೀಟರುಗಳಿಗೆ ಇಳಿಸಿತು.