ಒಂದು ಊರು ಬಿಡು, ಒಂದು ರಾತ್ರಿ ಉಳಿ

ಜಪಾನಿಗೆ ಹೊರಟಿದ್ದೀಯಂತೆ, ಸಂತೋಷ ಕಣಪ್ಪ. ನಿನ್ನ ಪಟ್ಟಿ ನೋಡಿದೆ. ಎಂಟು ದಿನಕ್ಕೆ ಆರು ಊರು! ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದೆಯೇನೋ. ಕ್ಯೋತೋದ ಚಿನ್ನದ ಮಂದಿರ, ಫುಶಿಮಿ ಇನಾರಿಯ ಕೆಂಪು ಕಮಾನುಗಳು ಎಲ್ಲ ಚೆಂದವೇ, ನೋಡಿ ಬಾ. ಆದರೆ ಆ ಜನಜಂಗುಳಿಯಲ್ಲಿ ನಿನಗೆ ಹೆಚ್ಚು ಕಾಣುವುದು ಮುಂದೆ ನಿಂತವರ ಬೆನ್ನು. ನನ್ನ ಮಾತು ಕೇಳು. ಒಂದು ಊರು ಹೊಡೆದುಹಾಕಿ, ಆ ರಾತ್ರಿ ಕೋಯಾ ಬೆಟ್ಟದಲ್ಲಿ ಇರು.

ಒಸಾಕಾದ ನಂಬಾದಿಂದ ರೈಲು, ಕಡೆಯ ಏರಿಗೆ ಕೇಬಲ್ ಕಾರು. ಕೂಕೈ ಎಂಬ ಸನ್ಯಾಸಿಗೆ 816ರಲ್ಲಿ ದೊರೆ ಕೊಟ್ಟ ಜಾಗ ಅದು, ಈಗ ಊರಿಗೆ ಊರೇ ಮಠ. ಐವತ್ತರಷ್ಟು ಮಠಗಳಲ್ಲಿ ಬಂದವರಿಗೆ ಇಳಿದುಕೊಳ್ಳಲು ಕೋಣೆ ಇದೆ. ಊಟದಲ್ಲಿ ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಏನೂ ಇರಲ್ಲ. ಮೂಗು ಮುರಿಯಬೇಡ. ಎಳ್ಳು ನುಣ್ಣಗೆ ಅರೆದು, ಗೆಡ್ಡೆಯ ಹಿಟ್ಟು ಬೆರೆಸಿ, ತಳ ಹತ್ತದಂತೆ ಮಗುಚಿ ಮಾಡಿದ ಒಂದು ತುಂಡು ಇಡುತ್ತಾರೆ. ನಮ್ಮ ಹಾಲುಬಾಯಿ ಇದ್ದಂಗೇ ಅಲುಗುತ್ತೆ, ಸಿಹಿ ಮಾತ್ರ ಇಲ್ಲ. ಗಬಗಬ ನುಂಗಬೇಡ, ನಾಲಗೆ ಮೇಲೆ ಕರಗಲು ಬಿಡು.

ಬೆಳಗಿನ ಪೂಜೆಗೆ ಎದ್ದು ಹೋಗು, ಮುಸುಕು ಹಾಕಿ ಮಲಗಬೇಡ. ಕೆಲವು ಮಠಗಳಲ್ಲಿ ಮಂತ್ರ ಹೇಳುತ್ತಾ ಬೆಂಕಿಗೆ ಸಮಿಧೆ ಹಾಕುತ್ತಾರೆ. ಅದಕ್ಕೆ ಅವರು ಅನ್ನುವುದು ‘ಗೋಮಾ’. ನಮ್ಮ ಹೋಮವೇ ಕಣಪ್ಪ, ಚೀನಾ ದಾಟಿ ಅಲ್ಲಿಗೆ ಹೋದದ್ದು. ಆ ಹೊಗೆ ಮೂಗಿಗೆ ಬಡಿದಾಗ ನನ್ನ ಕಣ್ಣು ತುಂಬಿ ಬಂತು.

ಆಮೇಲೆ ಅಲ್ಲಿಯ ಸ್ಮಶಾನ ಒಕುನೋಯಿನ್ ಕಡೆ ನಡಿ. 2 ಕಿಲೋಮೀಟರ್ ದಾರಿ. ಮುಗಿಲು ಮುಟ್ಟುವ ಸೀಡರ್ ಮರಗಳು, ಪಾಚಿ ಹಿಡಿದ 2 ಲಕ್ಷಕ್ಕೂ ಮೀರಿದ ಸಮಾಧಿಗಳು. ದೊರೆಗಳದೂ ಇವೆ, ಬಡವರದೂ ಇವೆ. ಓಡಬೇಡ. ಕೂಕೈ ಸತ್ತಿಲ್ಲ, 835ರಿಂದ ಆ ದಾರಿಯ ಕೊನೆಯಲ್ಲಿ ಧ್ಯಾನಕ್ಕೆ ಕೂತಿದ್ದಾನೆ ಅಂತ ಅಲ್ಲಿಯವರ ನಂಬಿಕೆ. ಧ್ಯಾನಕ್ಕೆ ಕೂತವನಿಗೂ ಹಸಿವಾಗುತ್ತಲ್ಲ! ಅದಕ್ಕೇ ದಿನಕ್ಕೆ ಎರಡು ಹೊತ್ತು, ಬೆಳಗ್ಗೆ ಆರಕ್ಕೆ ಮತ್ತು ಹತ್ತೂವರೆಗೆ, ಮರದ ಪೆಟ್ಟಿಗೆಯಲ್ಲಿ ಊಟ ಹೊತ್ತು ತರುತ್ತಾರೆ. ನಮ್ಮಲ್ಲಿ ನೈವೇದ್ಯದ ರುಚಿ ನೋಡುವಂತಿಲ್ಲ. ಅಲ್ಲಿ ರುಚಿ ನೋಡಲಿಕ್ಕೆಂದೇ ಒಬ್ಬ ಜಿಜೋ ದೇವರಿದ್ದಾನೆ, ಅವನ ಮುಂದೆ ಹಿಡಿದೇ ಮುಂದಕ್ಕೆ ಹೋಗುವುದು.

ನೀನು ಹತ್ತೂವರೆಯದಕ್ಕೆ ಹೋಗು. ದಾರಿಯಲ್ಲಿ ಸಿಗುವ ಕೊನೆಯ ಸೇತುವೆ ದಾಟಿದ ಮೇಲೆ ಫೋಟೋ ತೆಗೆಯುವಂತಿಲ್ಲ, ಫೋನು ಚೀಲದೊಳಗೆ ಇಟ್ಟುಬಿಡು. ಪೆಟ್ಟಿಗೆ ಹೊತ್ತವರು ಬಂದರೆ ಪಕ್ಕಕ್ಕೆ ಸರಿದು ತಲೆ ಬಾಗಿಸು. ಮತ್ತೆ, ಸ್ವೆಟರ್ ಮರೀಬೇಡ. ಬೆಟ್ಟದ ಮೇಲೆ ಚಳಿ ಜಾಸ್ತಿ.